ಗಜನಿಯ ಕಗ್ಗ

ಕುಮಟಾದ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಅದರ ಅಂಚಿನ ತಗ್ಗು ಗದ್ದೆಗಳೇ ಗಜನಿ. ಉಬ್ಬರದ ಉಪ್ಪುನೀರು ಮುಟ್ಟುವ ಈ ನೆಲದಲ್ಲಿ ಬೇರೆ ಭತ್ತ ಕರಟಿಹೋಗುತ್ತದೆ. ಕಗ್ಗ ಎಂಬ ಭತ್ತದ ತಳಿ ನಿಲ್ಲುತ್ತದೆ.

ಮಳೆ ಬಿದ್ದು ನೆಲದ ಉಪ್ಪು ತೊಳೆದುಹೋಗುವುದನ್ನೇ ಕಾದು, ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ, ನೀರು ತಂದು ಹಾಕಿದ ಮೆಕ್ಕಲೇ ಸಾರ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಕೊಳೆಯದೆ ಮೇಲೇಳುತ್ತದೆ. ತೆನೆಗೆ ಉದ್ದ ಮೀಸೆ ಇರುವುದರಿಂದ ಹಕ್ಕಿಗಳ ಕಾಟವೂ ಕಡಿಮೆ. ಕೊಯ್ಲಿಗೆ ಹೆಂಗಸರು ಸೊಂಟಮಟ್ಟದ ನೀರಿಗಿಳಿದು ತೆನೆಯನ್ನಷ್ಟೇ ಕೊಯ್ಯುತ್ತಾರೆ. ಹುಲ್ಲು ಅಲ್ಲೇ ಉಳಿಯುತ್ತದೆ, ಮರೆತಲ್ಲ, ಬೇಕೆಂದೇ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿದರೆ ಉಪ್ಪುನೀರಿನ ಜೊತೆ ಮೀನು, ಸಿಗಡಿಗಳ ಮರಿ ಒಳಬರುತ್ತವೆ. ಆ ಹುಲ್ಲು ಕೊಳೆತು ಅವಕ್ಕೆ ಮೇವಾಗುತ್ತದೆ. ಒಂದೇ ಗದ್ದೆ ಮಳೆಗಾಲದಲ್ಲಿ ಅನ್ನ ಕೊಡುತ್ತದೆ, ಬೇಸಿಗೆಯಲ್ಲಿ ಮೀನು.

1990ರ ದಶಕದಲ್ಲಿ ಸಿಗಡಿ ಸಾಕಣೆಯ ಹುಮ್ಮಸ್ಸಿಗೆ ಹಲವು ಗಜನಿಗಳಲ್ಲಿ ಭತ್ತ ಹಿಂದೆ ಸರಿಯಿತು. ಬಿಳಿಚುಕ್ಕೆ ರೋಗ ಬಂತು, ಸಿಗಡಿ ಸತ್ತಿತು, ಹಾಕಿದ ಹಣ ಮುಳುಗಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕಗ್ಗದ ಬೀಜವೇ ಇರಲಿಲ್ಲ.

ಮಾಣಿಕಟ್ಟಾದಂಥ ಊರು ಬೀಜ ಉಳಿಸಿಕೊಂಡದ್ದು ಒಗ್ಗಟ್ಟಿನಿಂದ. ಕಗ್ಗದ ಗಟ್ಟಿತನವನ್ನು ಹೊಗಳುವವರು ಬಹಳ ಮಂದಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗದ್ದೆಗಳ ಸುತ್ತ ಉಪ್ಪುನೀರು ತಡೆಯುವ ಕಟ್ಟೆ. ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡುವುದು ಆಗದ ಮಾತು. ಕಟ್ಟೆ ಒಂದು ಕಡೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ, ಯಾರ ಪಾಲು ಎಂದು ಕೇಳುವುದಿಲ್ಲ. ಹಾಗಾಗಿ ಬಿತ್ತುವುದು, ತೂಬು ಎತ್ತುವುದು, ಮುಚ್ಚುವುದು ಎಲ್ಲವೂ ಊರಿನ ಮಾತಿನಂತೆ ನಡೆಯಬೇಕು. ಸಮುದ್ರಮಟ್ಟ ಏರುತ್ತಿರುವ ಈ ಹೊತ್ತಿನಲ್ಲಿ ಕರಾವಳಿಗೆ ಬೇಕಾದ ಬೀಜವೂ ಇಲ್ಲಿದೆ, ಅದನ್ನು ಬೆಳೆಯುವ ಕಟ್ಟುಪಾಡೂ ಇಲ್ಲಿದೆ.

ಆದರೆ ಇಳುವರಿ ಕಡಿಮೆ, ದುಡಿತ ಹೆಚ್ಚು. ಎಳೆಯರು ಪೇಟೆಯ ದಾರಿ ಹಿಡಿಯುತ್ತಿದ್ದಾರೆ, ಅವರನ್ನು ದೂರಲಾಗದು. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಆ ಗೌರವ ಗದ್ದೆಯವರೆಗೂ ಇಳಿಯಬೇಕು. ಕಟ್ಟೆ ಒಡೆದ ಮೇಲೆ ಪರಿಹಾರ ಲೆಕ್ಕ ಹಾಕುವ ಬದಲು, ಪ್ರತಿ ಬೇಸಿಗೆಯಲ್ಲೂ ಮಳೆಗೆ ಮೊದಲೇ ಸರ್ಕಾರ ಅದನ್ನು ರಿಪೇರಿ ಮಾಡಿಸಿಕೊಡಲಿ.