ಬಿಯರಿನಲ್ಲಿ ನುಚ್ಚಕ್ಕಿ, ಮೆಕ್ಕೆಜೋಳ: ಕಲಬೆರಕೆಯೇ?

ಚಿಕೋರಿಯ ಮಾತು ಬಂದರೆ ನಮ್ಮ ಕಾಫಿ ಬೆಳೆಗಾರರಿಗೆ ಸಿಟ್ಟು ಬರುವುದು ಸಹಜ. ಬಿಯರ್ ತಯಾರಿಕೆಯಲ್ಲಿ ಬಾರ್ಲಿಯೊಡನೆ ಅಕ್ಕಿ, ಮೆಕ್ಕೆಜೋಳಗಳನ್ನೂ ಬಳಸುತ್ತಾರೆಂದು ಕೇಳಿದವರು ಅದನ್ನೂ ಇದೇ ಸಾಲಿಗೆ ಸೇರಿಸುವುದುಂಟು. ಕುಡಿತದ ಒಳಿತು ಕೆಡುಕುಗಳ ಚರ್ಚೆ ಇಲ್ಲಿನ ಉದ್ದೇಶವಲ್ಲ. ಬಾರ್ಲಿಯನ್ನೇ ಬೆಳೆಯದ ಬಳ್ಳಾರಿ ಸೀಮೆಯ ರೈತರ ಧಾನ್ಯಕ್ಕೂ ಈ ಉದ್ಯಮಕ್ಕೂ ಇರುವ ನಂಟು ಬೆಳೆಗಾರರೆಲ್ಲರೂ ತಿಳಿಯತಕ್ಕದ್ದಾದುದರಿಂದ ಈ ಬರಹ.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿ ಮಕ್ಕಳಿಗೆ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಬಾರ್ಲಿಯ ಮಾಲ್ಟ್ ತಯಾರಾಗುವುದೂ ಹೀಗೆಯೇ. ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಿಹಿ ರಸವನ್ನು ಸೋಸಿ, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ ಯೀಸ್ಟ್ ಹಾಕಿದರೆ ಹುದುಗಿ ಬಿಯರ್ ಆಗುತ್ತದೆ. ಬಾರ್ಲಿ ಮಾಲ್ಟಿನಲ್ಲಿರುವ ಕಿಣ್ವದ ಶಕ್ತಿ ತನ್ನ ಪಿಷ್ಟವನ್ನು ಒಡೆದ ಮೇಲೂ ಮಿಗುತ್ತದೆ. ಮೊಳಕೆ ಬರಿಸದ ಅಕ್ಕಿಯ ಅಥವಾ ಮೆಕ್ಕೆಜೋಳದ ಪಿಷ್ಟವನ್ನೂ ಅದು ಒಡೆಯಬಲ್ಲದು. ಹೀಗೆ ಸೇರಿಸುವ ಧಾನ್ಯವನ್ನು ಪೂರಕ ಧಾನ್ಯವೆನ್ನಬಹುದು.

ಜರ್ಮನಿಯ ಬವೇರಿಯಾದಲ್ಲಿ 1516ರ ಕಟ್ಟಳೆಯೊಂದು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಬಳಸಬೇಕೆಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕೆಗೆ ವಲಸೆ ಹೋದ ಜರ್ಮನರಿಗೆ ಅಲ್ಲಿ ದೊರೆತದ್ದು ಪ್ರೋಟೀನ್ ಹೆಚ್ಚಿರುವ ಆರು ಸಾಲಿನ ಬಾರ್ಲಿ. ಅದರಿಂದ ಬಿಯರ್ ಕದಡಿದಂತೆ ಕಾಣುತ್ತಿತ್ತು. ಪ್ರೋಟೀನಿನ ಪ್ರಮಾಣ ಇಳಿಸಲು ಅವರು ಅಕ್ಕಿ, ಮೆಕ್ಕೆಜೋಳಗಳನ್ನು ಬಳಸಿದರು. ಬಿಯರ್ ತಿಳಿಯಾಗಿ, ಹಗುರವಾಯಿತು. ಮುಂದೆ ಖರ್ಚಿನ ಉಳಿತಾಯವೂ ಕಾರಣವಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ.

ಈ ಧಾನ್ಯಗಳನ್ನು ಸುಮ್ಮನೆ ಸುರಿದರೆ ಕೆಲಸವಾಗದು. ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೇಯುತ್ತದೆ. ಅಕ್ಕಿ, ಮೆಕ್ಕೆಜೋಳಗಳಿಗೆ ಇನ್ನೂ ಹೆಚ್ಚು ಶಾಖ ಬೇಕು. ಆದ್ದರಿಂದ ನುಚ್ಚನ್ನು ಬೇರೆ ಕೊಪ್ಪರಿಗೆಯಲ್ಲಿ ಗಂಜಿಯಂತೆ ಬೇಯಿಸಿ, ಅನಂತರ ಮಾಲ್ಟಿನ ತೊಟ್ಟಿಗೆ ಸೇರಿಸುತ್ತಾರೆ. ಗಂಜಿ ಗಟ್ಟಿಯಾಗದಿರಲೆಂದು ಅದಕ್ಕೂ ಸ್ವಲ್ಪ ಮಾಲ್ಟ್ ಹಾಕುವುದುಂಟು. ಮೆಕ್ಕೆಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಿದೆ. ಎಣ್ಣೆ ನೊರೆಯನ್ನು ಕೆಡಿಸಿ ಕಮಟು ವಾಸನೆ ತರುವುದರಿಂದ ಆ ಭಾಗವನ್ನು ಮೊದಲೇ ತೆಗೆದಿರಬೇಕು. ಪೂರಕ ಧಾನ್ಯ ಅತಿಯಾದರೆ ಯೀಸ್ಟಿಗೆ ಬೇಕಾದ ಪೋಷಣೆ ಸಾಲದು, ರುಚಿಯೂ ಸಪ್ಪೆಯಾಗುತ್ತದೆ.

ಭಾರತದಲ್ಲಿ ಬಾರ್ಲಿ ಬೆಳೆಯುವುದು ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಕಡೆ. ಅಕ್ಕಿಯಾದರೋ ನಮ್ಮಲ್ಲೇ ಇದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಬಳ್ಳಾರಿ ನಗರದ ಉತ್ತರಕ್ಕಿರುವ ಕುರುಗೋಡು, ಸಿರುಗುಪ್ಪ ಭಾಗಗಳಲ್ಲಿ ಭತ್ತದ ಬೆಳೆ ಹಬ್ಬಿತು. ಸಿರುಗುಪ್ಪದ ಸೋನಾ ಮಸೂರಿ ಅಕ್ಕಿಯ ಹೆಸರು ಕೇಳದವರು ವಿರಳ. ನೂರು ಕಿಲೋ ಭತ್ತ ಗಿರಣಿಗೆ ಹೋದರೆ ಸುಮಾರು 20 ಕಿಲೋ ಹೊಟ್ಟು, 8 ಕಿಲೋ ತೌಡು ಕಳೆದು ಉಳಿದದ್ದು ಅಕ್ಕಿ. ಅದರಲ್ಲಿ ಒಂದು ಪಾಲು ಮುರಿದು ನುಚ್ಚಾಗುತ್ತದೆ. ಊಟಕ್ಕೆ ಇಡೀ ಅಕ್ಕಿಯೇ ಬೇಕು. ಬಿಯರ್ ಕಾರ್ಖಾನೆಗೆ ಕಾಳಿನ ಅಂದ ಬೇಕಿಲ್ಲ, ಪಿಷ್ಟವಿದ್ದರೆ ಸಾಕು. ಆದರೆ ನುಚ್ಚು ಒಣಗಿರಬೇಕು, ತೌಡು ಅಂಟಿರಬಾರದು, ಮುಗ್ಗಲು ವಾಸನೆ, ಹುಳು ಇರಬಾರದು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿ, ಹಡಗಲಿಗಳ ಮೆಕ್ಕೆಜೋಳಕ್ಕೂ ಇದೇ ಮಾತು. ಕೊಯ್ಲಿನ ವೇಳೆ ಮಳೆ ಹಿಡಿದು ಬೂಷ್ಟು ಬಂದರೆ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಕಣದಲ್ಲಿ ಕಾಫಿ ಒಣಗಿಸುವ ನಮಗೆ ತೇವಾಂಶದ ಬೆಲೆ ಹೇಳಿಕೊಡಬೇಕಾಗಿಲ್ಲ.

ಬಿಳಿಜೋಳದ ಸೀಮೆಯವರು ನೈಜೀರಿಯಾದ ಉದಾಹರಣೆಯನ್ನೂ ಗಮನಿಸಬಹುದು. 1988ರಲ್ಲಿ ಆ ದೇಶ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಕಾರ್ಖಾನೆಗಳು ತಮ್ಮ ನೆಲದ ಜೋಳ, ಮೆಕ್ಕೆಜೋಳಗಳಿಂದಲೇ ಬಿಯರ್ ತಯಾರಿಸಲು ಕಲಿತವು.

ಹಾಗಾದರೆ ಇದು ಕಲಬೆರಕೆಯೇ? ಚಿಕೋರಿ ಎಷ್ಟು ಹುರಿದರೂ ಕಾಫಿಯಾಗದು. ಅದಕ್ಕೇ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗವಿರಬೇಕೆಂಬ ನಿಯಮ, ಚೀಟಿಯ ಮೇಲೆ ಅದನ್ನು ನಮೂದಿಸಬೇಕೆಂಬ ಕಟ್ಟು. ಅಕ್ಕಿಯ ಪಿಷ್ಟವಾದರೋ ತೊಟ್ಟಿಯಲ್ಲಿ ಬಾರ್ಲಿಯ ಪಿಷ್ಟದಂತೆಯೇ ಸಕ್ಕರೆಯಾಗುತ್ತದೆ. ಇದು ತಯಾರಿಕೆಯ ಒಂದು ಕ್ರಮವೇ ಹೊರತು ಮೋಸವಲ್ಲ. ಬಾರ್ಲಿಯದು ಮಾತ್ರವೆಂದು ಹೇಳಿ ಮಾರಿದರೆ ಆಗ ಅದು ಮೋಸ.

ನಿಜವಾದ ಪ್ರಶ್ನೆ ಬೇರೆಯೇ ಇದೆ. ನುಚ್ಚಿಗೆ ಇಂದು ಕೋಳಿ ಆಹಾರ, ಎಥೆನಾಲ್, ರಫ್ತು ಹೀಗೆ ಹಲವು ಗಿರಾಕಿಗಳು. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತನ್ನೇ ಸರ್ಕಾರ ನಿಷೇಧಿಸಿ, 2025ರ ಮಾರ್ಚಿನಲ್ಲಿ ತೆರವು ಮಾಡಿದ್ದು ಅದರ ಮಹತ್ವಕ್ಕೆ ಸಾಕ್ಷಿ. ಆದರೆ ಭತ್ತವನ್ನು ಕಣದಲ್ಲೇ ಮಾರುವ ಸಿರುಗುಪ್ಪದ ರೈತನಿಗೆ ಸಿಗುವುದು ಭತ್ತದ ಬೆಲೆ. ನುಚ್ಚು, ತೌಡು ಗಿರಣಿಯವರ ಪಾಲು. ಹಣ್ಣು ಮಾರಿದವನಿಗೆ ಹಣ್ಣಿನ ಬೆಲೆ, ಬೀಜ ಮಾಡಿ ಮಾರಿದವನಿಗೆ ಬೀಜದ ಬೆಲೆ ಎಂಬುದು ನಮ್ಮ ತೋಟಗಳ ಅನುಭವವೂ ಹೌದು. ಬೆಳೆದವರೇ ಕೂಡಿ ಒಣಗಿಸಿ, ಗಿರಣಿ ನಡೆಸಿ, ದರ್ಜೆ ಮಾಡಿ ಮಾರುವಲ್ಲಿ ಮಾತ್ರ ನುಚ್ಚಿನ ಲಾಭ ಹೊಲದವರೆಗೆ ಬಂದೀತು. ಸಹಕಾರ ಸಂಘಗಳು ಇರುವುದು ಇದಕ್ಕಾಗಿಯೇ.