ಊರಿಗೆ ಹೊರಟ ಸಣ್ಣ ಕಾರಿಗೆ ಎಷ್ಟು ದೊಡ್ಡ ಟಯರು?

ಮೇ ರಜೆ ಹತ್ತಿರ ಬಂದಂತೆ ನಮ್ಮವರ ಮನೆಗಳಲ್ಲಿ ಕಾರಿನ ವಿಚಾರ ಶುರುವಾಗುತ್ತದೆ. ವರ್ಷವಿಡೀ ಚಾರ್ಕೋಪ್‌ನಿಂದ ಕಾಂದಿವಲಿ ಸ್ಟೇಷನ್ನಿಗೆ, ಠಾಕೂರ್ ವಿಲೇಜ್‌ನಿಂದ ಹೆದ್ದಾರಿಗೆ ಓಡಾಡಿದ ಸಣ್ಣ ಕಾರು ಒಂದೇ ಸಲ 850–900 ಕಿ.ಮೀ. ದೂರದ ಉಡುಪಿ, ಮಂಗಳೂರಿಗೆ ಹೊರಡಬೇಕು. ಟಯರು ಸವೆದಿದೆ, ಬದಲಿಸೋಣ ಎಂದು ಅಂಗಡಿಗೆ ಹೋದರೆ ಒಂದು ಸಲಹೆ ಪುಕ್ಕಟೆ ಸಿಗುತ್ತದೆ: “ಸಾಬ್, ಏಕ್ ಸೈಜ್ ಬಡಾ ಡಾಲೋ, ಗಾಡಿ ಮಸ್ತ್ ದಿಖೇಗೀ.” ಈ ಮಾತಿಗೆ ಹೂಂ ಎನ್ನುವ ಮೊದಲು ಟಯರಿನ ಮೇಲೆ ಬರೆದಿರುವುದನ್ನು ಓದಿಕೊಳ್ಳುವುದು ಒಳ್ಳೆಯದು.

2019ರಲ್ಲಿ ಬಂದ ವ್ಯಾಗನ್‌ಆರ್ ಕಾರನ್ನೇ ತೆಗೆದುಕೊಳ್ಳಿ. ಅದರ ಕೆಳಗಿನ ಮಾದರಿಯ ಟಯರು 155/80 ಆರ್13. ಇಲ್ಲಿ 155 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಟಯರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 124 ಮಿ.ಮೀ. ‘ಆರ್’ ಎಂದರೆ ತ್ರಿಜ್ಯವಲ್ಲ, ರೇಡಿಯಲ್ ಟಯರು ಎಂದಷ್ಟೇ. 13 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ ರಿಮ್ಮು 330.2 ಮಿ.ಮೀ. ಅದಕ್ಕೆ ಮೇಲೊಂದು, ಕೆಳಗೊಂದು ಗೋಡೆ ಸೇರಿಸಿದರೆ ಇಡೀ ಚಕ್ರದ ವ್ಯಾಸ 578.2 ಮಿ.ಮೀ.

ಸೈಜ್ ಬದಲಿಸುವಾಗ ಮೊದಲು ನೋಡಬೇಕಾದದ್ದು ಈ ಕೊನೆಯ ಅಂಕೆಯನ್ನು. ಕಾರಿನ ಗೇರು, ಸ್ಪೀಡೋಮೀಟರ್, ಎಬಿಎಸ್ ಎಲ್ಲವೂ ಈ ವ್ಯಾಸವನ್ನು ನಂಬಿ ಕೆಲಸ ಮಾಡುತ್ತವೆ. ಹೆಚ್ಚು ಕಡಿಮೆ ಶೇ. 3ರ ಒಳಗಿರಲಿ ಎನ್ನುವುದು ವಾಡಿಕೆಯ ಮಿತಿ. ಅದೇ ವ್ಯಾಗನ್‌ಆರ್‌ನ ಮೇಲಿನ ಮಾದರಿಗೆ ಕಂಪನಿ ಕೊಟ್ಟದ್ದು 165/70 ಆರ್14. ಲೆಕ್ಕ ಹಾಕಿದರೆ 586.6 ಮಿ.ಮೀ.; ವ್ಯತ್ಯಾಸ ಶೇ. 1.5. ಅಂಗಡಿಯವರು ಅಂದ ಚೆಂದಕ್ಕೆಂದು 185/60 ಆರ್15 ತೋರಿಸಿದರೆ ಅದು 603 ಮಿ.ಮೀ.; ವ್ಯತ್ಯಾಸ ಶೇ. 4ಕ್ಕೂ ಮಿಕ್ಕಿ. ಮೀಟರಿನಲ್ಲಿ 80 ಕಂಡಾಗ ಕಾರು ನಿಜಕ್ಕೂ 83ರಲ್ಲಿ ಓಡುತ್ತಿರುತ್ತದೆ. ಒಂದು ಲೀಟರಿನ ಪುಟ್ಟ ಇಂಜಿನ್ನಿಗೆ ದೊಡ್ಡ, ಭಾರದ ಚಕ್ರ ತಿರುಗಿಸುವ ಕೆಲಸ ಬೇರೆ. ಎಸ್.ವಿ. ರೋಡಿನ ಟ್ರಾಫಿಕ್ಕಿನಲ್ಲಿ ಇದು ಅಷ್ಟಾಗಿ ಗೊತ್ತಾಗದು. ಚಿಪಳೂಣ್ ಹತ್ತಿರದ ಪರಶುರಾಮ ಘಾಟಿಯಲ್ಲೋ, ಹುಬ್ಬಳ್ಳಿ ದಾರಿಯಾಗಿ ಹೋದರೆ ಯಲ್ಲಾಪುರ ದಾಟಿದ ಮೇಲಿನ ಅರಬೈಲ್ ಘಾಟಿಯಲ್ಲೋ ಮರಳಿ ಬರುವಾಗ ಏರುದಾರಿಯಲ್ಲಿ ಗೇರು ಇಳಿಸುತ್ತಲೇ ಇರಬೇಕಾಗುತ್ತದೆ.

ವ್ಯಾಸ ಸರಿಯಾದರೆ ಸಾಕೇ? ಸಾಲದು. ಸ್ವಿಫ್ಟ್‌ನ ಕೆಳಗಿನ ಮಾದರಿಗಳಲ್ಲಿ ಬಂದ 165/80 ಆರ್14 ಮತ್ತು ಮೇಲಿನ ಮಾದರಿಯ 185/65 ಆರ್15, ಎರಡರ ವ್ಯಾಸವೂ ಹತ್ತಿರ ಹತ್ತಿರ 620 ಮಿ.ಮೀ. ಪಕ್ಕದ ಗೋಡೆ ಮಾತ್ರ 132ರಿಂದ 120 ಮಿ.ಮೀ.ಗೆ ಇಳಿಯುತ್ತದೆ. ಇಷ್ಟು ನಡೆಯುತ್ತದೆ, ಕಂಪನಿಯೇ ಪರೀಕ್ಷಿಸಿ ಕೊಟ್ಟದ್ದು. ಅದೇ ಕಾರಿಗೆ 195/50 ಆರ್16 ಹಾಕಿದರೆ ವ್ಯಾಸದ ಲೆಕ್ಕ ಶೇ. 3ರ ಅಂಚಿನೊಳಗೇ ನಿಲ್ಲುತ್ತದೆ, ಆದರೆ ಗೋಡೆ 97.5 ಮಿ.ಮೀ.ಗೆ ಬಂತು. ಹೊಂಡಕ್ಕೆ ಬಿದ್ದಾಗ ಪೆಟ್ಟು ತಿನ್ನುವುದು ಈ ಗೋಡೆ ಮತ್ತು ಅದರೊಳಗಿನ ಗಾಳಿ. ಅದು ತೆಳುವಾದಷ್ಟೂ ಪೆಟ್ಟು ರಿಮ್ಮಿಗೆ. ಸ್ಟೀಲ್ ರಿಮ್ಮು ಬಗ್ಗಿದರೆ ತಟ್ಟಿ ಸರಿ ಮಾಡಿಸಬಹುದು, ಅಲಾಯ್ ರಿಮ್ಮು ಬಿರುಕು ಬಿಟ್ಟರೆ ಹೊಸದೇ ಗತಿ. ಜುಲೈ ತಿಂಗಳಲ್ಲಿ ನೀರು ತುಂಬಿ ಹೊಂಡ ಯಾವುದು, ರಸ್ತೆ ಯಾವುದು ಎಂದು ತಿಳಿಯದ ಮುಂಬಯಿಯಲ್ಲಿ ಗೋಡೆ ದಪ್ಪ ಇರುವುದೇ ಕ್ಷೇಮ.

ಮೂರನೆಯದು ಭಾರ. ಊರಿಂದ ಮರಳುವಾಗ ನಮ್ಮ ಡಿಕ್ಕಿಯಲ್ಲಿ ಏನೆಲ್ಲ ಇರುತ್ತದೆ ಎಂದು ಹೇಳಬೇಕಾಗಿಲ್ಲ. ಕುಚ್ಚಲಕ್ಕಿ ಚೀಲ, ತೆಂಗಿನಕಾಯಿ, ಹಲಸು, ಉಪ್ಪಿನಕಾಯಿ ಭರಣಿ, ಮೇಲೆ ಐದು ಜನ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರಿನ ಭಾರವೂ ಹಿಂದಿನ ಚಕ್ರಗಳ ಮೇಲೆಯೇ. ಸೈಜಿನ ನಂತರ ಬರೆದಿರುವ ‘79 ಟಿ’ ಇದಕ್ಕೆ ಸಂಬಂಧಿಸಿದ್ದು. 79 ಎಂದರೆ ಸರಿಯಾದ ಗಾಳಿ ಇದ್ದಾಗ ಒಂದು ಟಯರು 437 ಕೆ.ಜಿ. ಹೊರಬಲ್ಲದು, ‘ಟಿ’ ಎಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. 155/65 ಆರ್13 ಎಂಬ ಟಯರೂ ಮಾರುಕಟ್ಟೆಯಲ್ಲಿದೆ. ಅಗಲ ಅದೇ, ರಿಮ್ಮು ಅದೇ, ಆದರೆ ಅದರ ಭಾರದ ಸಂಖ್ಯೆ 73, ಅಂದರೆ 365 ಕೆ.ಜಿ. ಒಂದೊಂದು ಚಕ್ರಕ್ಕೂ 72 ಕೆ.ಜಿ. ಕಡಿಮೆ. “ಕೂರುತ್ತದೆ” ಎನ್ನುವ ಮಾತಿಗೂ “ಹೊರುತ್ತದೆ” ಎನ್ನುವ ಮಾತಿಗೂ ಇರುವ ಅಂತರ ಇದೇ. ಈ ಸಂಖ್ಯೆ ಮೂಲ ಟಯರಿನದಕ್ಕಿಂತ ಕಡಿಮೆಯಾಗಲೇಬಾರದು.

ರಿಮ್ಮು ಬದಲಿಸುವವರು ಇನ್ನೆರಡು ಸಂಗತಿ ನೋಡಬೇಕು. 185 ಅಗಲದ ಟಯರಿಗೆ ಕಡಿಮೆಯೆಂದರೂ 5 ಇಂಚು ಅಗಲದ ರಿಮ್ಮು ಬೇಕು. ಇಕ್ಕಟ್ಟಾದ ರಿಮ್ಮಿಗೆ ತುರುಕಿಸಬಾರದು. ನಟ್ಟುಗಳು ಕೂರುವ ವೃತ್ತದ ಅಳತೆ ನಮ್ಮ ಸಣ್ಣ ಕಾರುಗಳಲ್ಲಿ ಕೆಲವಕ್ಕೆ 100 ಮಿ.ಮೀ., ಕೆಲವಕ್ಕೆ 114.3 ಮಿ.ಮೀ. ನೆಂಟರ ಕಾರಿನ ಹಳೆಯ ಅಲಾಯ್ ಚೆನ್ನಾಗಿದೆ ಎಂದು ತಂದರೆ ಕೂರಬೇಕೆಂದೇನಿಲ್ಲ. ಸ್ಟೆಪ್ನಿಯನ್ನೂ ಮರೆಯಬೇಡಿ. ನಾಲ್ಕು ಚಕ್ರ ಬದಲಿಸಿ ಹಳೆಯ ಸೈಜಿನ ಸ್ಟೆಪ್ನಿ ಉಳಿಸಿಕೊಂಡರೆ ಅದು ಪಂಚರ್ ಅಂಗಡಿಯ ತನಕ ನಿಧಾನವಾಗಿ ಹೋಗಲು ಮಾತ್ರ.

ಕಾನೂನಿನ ಮಾತೂ ಇದೆ. ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಸಾರ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ನಾವೇ ಕಾರಣ ಒದಗಿಸುವುದು ಬೇಡ.

ಹಾಗಾದರೆ ಏನು ಮಾಡಬೇಕು? ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಟಯರಿನ ಸೈಜೂ ಗಾಳಿಯ ಒತ್ತಡವೂ ಇರುತ್ತವೆ. ಅದೇ ಸೈಜ್ ಹಾಕಿಸುವುದು ಮೊದಲ ಆಯ್ಕೆ. ದೊಡ್ಡದು ಬೇಕೇ ಬೇಕು ಎನಿಸಿದರೆ ನಿಮ್ಮದೇ ಕಾರಿನ ಮೇಲಿನ ಮಾದರಿಗೆ ಕಂಪನಿ ಕೊಟ್ಟ ಸೈಜಿನ ತನಕ ಹೋಗಿ, ಅದಕ್ಕೆ ತಕ್ಕ ರಿಮ್ಮಿನ ಜೊತೆಗೆ. ಅದರಾಚೆ ಬೇಡ.

ಕೊಳ್ಳುವಾಗ ತಯಾರಿಯ ದಿನಾಂಕ ನೋಡಿ. ‘2325’ ಎಂದಿದ್ದರೆ 2025ನೇ ಇಸವಿಯ 23ನೇ ವಾರ ಎಂದರ್ಥ. ಐಎಸ್‌ಐ ಗುರುತು ಇರಲಿ. ಎರಡೇ ಹೊಸ ಟಯರು ಕೊಂಡರೆ ಹಿಂದಿನ ಚಕ್ರಗಳಿಗೆ ಹಾಕಿಸಿ. ಮಳೆಯಲ್ಲಿ ಕಾರಿನ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಕಷ್ಟ. ಟಯರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎನ್ನುವುದು ನಿಯಮ. ಮಳೆಗಾಲಕ್ಕೆ 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ಜಾಣತನ.

ಗಾಳಿಯನ್ನು ಟಯರು ತಣ್ಣಗಿರುವಾಗ, ಮನೆಯ ಹತ್ತಿರದ ಪಂಪಿನಲ್ಲೇ ನೋಡಿಸಿ ಹೊರಡಿ. ಚೀಟಿಯಲ್ಲಿ ತುಂಬಿದ ಕಾರಿಗೆ ಬೇರೆ ಅಂಕೆ ಕೊಟ್ಟಿದ್ದರೆ ಮರಳುವ ದಿನ ಬೆಳಿಗ್ಗೆ, ಅಕ್ಕಿ ಚೀಲ ಡಿಕ್ಕಿಗೆ ಏರಿದ ಮೇಲೆ, ಅದರಂತೆ ಗಾಳಿ ಹಾಕಿಸಿಕೊಳ್ಳಿ.