ಜೋಗದ ಮೊರೆತಕ್ಕೆ ದಿಕ್ಕು ಉಂಟೆ?

ಜೋಗದ ಭೋರ್ಗರೆತವನ್ನು ನೀವು ಎಂದಾದರೂ ರೆಕಾರ್ಡ್ ಮಾಡಿದ್ದೀರಾ? ಉಪನ್ಯಾಸಕನಾಗಿ ಸೇರಿದ ಹೊಸದರಲ್ಲಿ ನಾನು ಆ ಸಾಹಸ ಮಾಡಿದ್ದೆ. ಮಳೆಗಾಲದ ಒಂದು ಬೆಳಿಗ್ಗೆ ಕಾರ್ಗಲ್‌ನಿಂದ ಹೊರಟು, ಜಲಪಾತದ ಎದುರು ನಿಂತು ಅರ್ಧ ಗಂಟೆ ಕ್ಯಾಸೆಟ್ ಓಡಿಸಿದೆ. ತರಗತಿಯಲ್ಲಿ ಕೇಳಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ "ಸಾರ್, ಸ್ಟೇಷನ್ ಸಿಕ್ಕಿಲ್ಲ" ಎಂದ.

ಅವನ ತಪ್ಪಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ನೀರಿನ ಸದ್ದಿನಲ್ಲಿ ನಮಗೆ ಕೇಳಿಸುವ ಬಹುತೇಕ ಎಲ್ಲ ಆವೃತ್ತಿಗಳೂ ಬೆರೆತಿರುತ್ತವೆ. ಅದಕ್ಕೆ ಶ್ರುತಿಯಿಲ್ಲ, ಲಯವಿಲ್ಲ. ಅಲ್ಲಿ ನಿಂತವರಿಗೆ ಅದೊಂದು ಸ್ಥಳವಾಗಿ ಕೇಳಿಸುವುದು ಬಹುಮಟ್ಟಿಗೆ ದಿಕ್ಕುಗಳಿಂದ. ರಾಜ, ರಾಣಿ, ರೋರರ್, ರಾಕೆಟ್ ಒಂದೊಂದೂ ಒಂದೊಂದು ಕಡೆ; ಕೆಳಗಿನ ಕಣಿವೆಯಿಂದ ಮಾರ್ದನಿ; ಬೆನ್ನ ಹಿಂದೆ ಮರದಲ್ಲೊಂದು ಹಕ್ಕಿ. ಒಂದೇ ಮೈಕಿದ್ದ ನನ್ನ ರೆಕಾರ್ಡರ್ ಈ ದಿಕ್ಕುಗಳನ್ನೆಲ್ಲ ಅಳಿಸಿಹಾಕಿತ್ತು. ಸ್ಟೀರಿಯೊ ಬಳಸಿದ್ದರೆ ಎಡ-ಬಲ ಉಳಿಯುತ್ತಿತ್ತು, ಮೇಲೆ-ಕೆಳಗೆ, ಹಿಂದೆ-ಮುಂದೆ ಉಳಿಯುತ್ತಿರಲಿಲ್ಲ.

ಹಾಗಾದರೆ ಒಂದು ಬಿಂದುವಿನಲ್ಲಿರುವ ಶಬ್ದವನ್ನು ದಿಕ್ಕುಸಹಿತ ಹಿಡಿಯಲು ಕನಿಷ್ಠ ಎಷ್ಟು ಸಂಕೇತಗಳು ಬೇಕು? ನಿಮ್ಮ ಭೌತಶಾಸ್ತ್ರ ಪಠ್ಯವೇ ಉತ್ತರ ಕೊಡುತ್ತದೆ. ಶಬ್ದತರಂಗದಲ್ಲಿ ಒತ್ತಡವು ಅದಿಶ ಪರಿಮಾಣ. ಗಾಳಿಯ ಕಣಗಳ ವೇಗ ಸದಿಶ, ಅದಕ್ಕೆ ಮೂರು ಘಟಕಗಳು. ಒಟ್ಟು ನಾಲ್ಕು. 1970ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಗಣಿತಜ್ಞ ಮೈಕೇಲ್ ಗರ್ಝನ್ ಈ ನೆಲೆಯ ಮೇಲೆ ಬೆಳೆಸಿದ ಪದ್ಧತಿಯೇ ಆಂಬಿಸೋನಿಕ್ಸ್. ಅವರು ಪೀಟರ್ ಕ್ರೇವನ್ ಜೊತೆ ರೂಪಿಸಿದ ಮೈಕ್ರೊಫೋನಿನಲ್ಲಿ ನಾಲ್ಕು ಪುಟ್ಟ ಮೈಕುಗಳು ಒತ್ತಾಗಿ ಕುಳಿತಿರುತ್ತವೆ. ಅವು ನೋಡುವ ದಿಕ್ಕುಗಳು, ಮೀಥೇನ್ ಅಣುವಿನಲ್ಲಿ ಕಾರ್ಬನ್ನಿನ ಸುತ್ತ ನಾಲ್ಕು ಹೈಡ್ರೊಜನ್‌ಗಳಿರುವ ದಿಕ್ಕುಗಳೇ.

ಮುಂದೆ-ಎಡ-ಮೇಲಕ್ಕೆ ನೋಡುವ ಮೈಕನ್ನು 'ಅ' ಎನ್ನೋಣ, ಮುಂದೆ-ಬಲ-ಕೆಳಕ್ಕೆ 'ಆ', ಹಿಂದೆ-ಎಡ-ಕೆಳಕ್ಕೆ 'ಇ', ಹಿಂದೆ-ಬಲ-ಮೇಲಕ್ಕೆ 'ಈ'. ಈಗ ಕೂಡಿಸಿ, ಕಳೆಯಿರಿ:

ಡಬ್ಲ್ಯು = ಅ + ಆ + ಇ + ಈ
ಎಕ್ಸ್ = ಅ + ಆ − ಇ − ಈ
ವೈ = ಅ − ಆ + ಇ − ಈ
ಝಡ್ = ಅ − ಆ − ಇ + ಈ

ಡಬ್ಲ್ಯು ಎಂದರೆ ಒತ್ತಡ; ಅದಕ್ಕೆ ಎಲ್ಲ ದಿಕ್ಕೂ ಒಂದೇ. ಉಳಿದ ಮೂರು ಕ್ರಮವಾಗಿ ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ ಘಟಕಗಳು. ಪ್ರತಿ ಮೈಕೂ ಹೃದಯಾಕಾರದ ಗ್ರಹಣ ಉಳ್ಳದ್ದಾದರೆ ಈ ಮೂರನ್ನು 3ರ ವರ್ಗಮೂಲದಿಂದ ಗುಣಿಸಬೇಕು. ಆಗ ಅವು ಡಬ್ಲ್ಯುವಿಗೆ ಸರಿತೂಗುತ್ತವೆ. (ಏಕೆ? ವಿದ್ಯಾರ್ಥಿಗಳು ಘನದ ಕರ್ಣದ ಉದ್ದ ನೆನಪಿಸಿಕೊಂಡು ಸಾಧಿಸಲಿ.)

ಇನ್ನು ಇದರ ಸೊಗಸು ನೋಡಿ. ಎದುರಿನಿಂದ ಬರುವ ಸದ್ದಿಗೆ ಡಬ್ಲ್ಯು 1, ಎಕ್ಸ್ 1. ಎರಡನ್ನೂ ಕೂಡಿಸಿದರೆ ಮುಂದಕ್ಕೆ ತಿರುಗಿದ ಮೈಕ್ ಸಿಗುತ್ತದೆ. ಕಳೆದರೆ ಸೊನ್ನೆ: ಎದುರಿನ ಜಲಪಾತಕ್ಕೆ ಕಿವುಡಾದ, ಹಿಂದಿನ ಹಕ್ಕಿಗೆ ಕಿವಿಗೊಟ್ಟ ಮೈಕ್! ಮೈಕನ್ನು ಯಾವ ಕಡೆ ತಿರುಗಿಸಬೇಕೆಂಬ ನಿರ್ಧಾರವನ್ನು ರೆಕಾರ್ಡಿಂಗ್ ಮುಗಿದು ಇಪ್ಪತ್ತು ವರ್ಷಗಳ ಬಳಿಕವೂ ಮಾಡಬಹುದು. ಜೋಗದಂಥ ಅಗಲವಾದ ಮೂಲ ಪೂರ್ತಿ ಅಳಿಯದು, ಆದರೆ ಸಾಕಷ್ಟು ತಗ್ಗುತ್ತದೆ.

ಶರಾವತಿ ಕಣಿವೆಗೆ ಇದು ಬರೀ ಆಟವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಜೋಗದ ದನಿ ಮಳೆಯ ಜೊತೆಗೆ ಗೇಟುಗಳನ್ನೂ ಅವಲಂಬಿಸಿದೆ. ಅದಕ್ಕೆ ಮುಂಚಿನ ಮೊರೆತವನ್ನು ದಿಕ್ಕುಸಹಿತ ಕೇಳುವ ದಾರಿ ನಮಗಿಲ್ಲ. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಿದೆ. ಅದು ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಕಣಿವೆಯ ಕಪ್ಪೆ, ಕೀಟ, ಹಕ್ಕಿ, ನೀರಿನ ಸದ್ದನ್ನು ದಾಖಲಿಸುವುದಾದರೆ ಮುಂದಿನವರು ನಮಗೆ ಹೊಳೆಯದ ಪ್ರಶ್ನೆಗಳನ್ನೂ ಅದಕ್ಕೆ ಕೇಳುವಂತಿರಬೇಕು ಎಂಬುದಷ್ಟೇ ನನ್ನ ಮಾತು.

ಮರಳಿ ಕೇಳಿಸುವಾಗ ಪ್ರತಿ ಸ್ಪೀಕರಿಗೆ ಅದರ ಕೋನಕ್ಕೆ ತಕ್ಕ ಮಿಶ್ರಣ ಹೋಗುತ್ತದೆ: ಡಬ್ಲ್ಯು, ಅದಕ್ಕೆ ಕೋನದ ಕೊಸೈನ್‌ನ ಇಮ್ಮಡಿಯಿಂದ ಗುಣಿಸಿದ ಎಕ್ಸ್, ಸೈನ್‌ನ ಇಮ್ಮಡಿಯಿಂದ ಗುಣಿಸಿದ ವೈ. ಕೋಣೆಯ ನಾಲ್ಕು ಮೂಲೆಗಳಲ್ಲಿ ಸ್ಪೀಕರುಗಳಿವೆ, ಸದ್ದು ನೇರ ಎಡದಿಂದ ಬರಬೇಕು ಎನ್ನಿ. ಎಡದ ಎರಡಕ್ಕೂ 2.41 ಪಾಲು, ಬಲದ ಎರಡಕ್ಕೂ −0.41 ಪಾಲು. ಬಲಗಡೆ ಪೂರ್ತಿ ಮೌನವಲ್ಲ ಎಂಬುದನ್ನು ಗಮನಿಸಿ. ನಾಲ್ಕೂ ಒಟ್ಟಾಗಿ ನಡುವೆ ಕುಳಿತವನ ಸುತ್ತ ಮೂಲ ಶಬ್ದಕ್ಷೇತ್ರವನ್ನು ಕಟ್ಟುತ್ತವೆ.

ಎಷ್ಟು ದೊಡ್ಡ ಕ್ಷೇತ್ರ? ಇಲ್ಲಿಯೇ ಪದ್ಧತಿಯ ಮಿತಿ. ತರಂಗದೂರವನ್ನು 6.28ರಿಂದ ಭಾಗಿಸಿದರೆ ಬರುವ ತ್ರಿಜ್ಯದೊಳಗೆ ಮಾತ್ರ ಅದು ಹೆಚ್ಚುಕಡಿಮೆ ನಿಖರ. 600 ಹರ್ಟ್ಸ್‌ಗೆ ತರಂಗದೂರ ಸುಮಾರು 57 ಸೆಂ.ಮೀ., ತ್ರಿಜ್ಯ 9 ಸೆಂ.ಮೀ.; ಅಂದರೆ ಒಂದು ತಲೆಯಷ್ಟು. ಅದಕ್ಕಿಂತ ಹೆಚ್ಚಿನ ಆವೃತ್ತಿಗಳಲ್ಲಿ ದಿಕ್ಕು ಮಸುಕಾಗುತ್ತದೆ, ಪಕ್ಕದ ಕುರ್ಚಿಯವನಿಗಂತೂ ಇನ್ನಷ್ಟು. ಸಂಕೇತಗಳನ್ನು 9ಕ್ಕೆ, 16ಕ್ಕೆ ಏರಿಸಿದರೆ ವಲಯ ಹಿಗ್ಗುತ್ತದೆ, ಖರ್ಚೂ ಹಿಗ್ಗುತ್ತದೆ.

ರೆಕಾರ್ಡ್ ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ. ಮೂಲದ ನಾಲ್ಕೂ ಟ್ರ್ಯಾಕುಗಳನ್ನು ಹಾಗೆಯೇ ಇಟ್ಟುಕೊಳ್ಳಿ. ಮೈಕಿನ ಮುಖ ಯಾವ ಕಡೆಗಿತ್ತೆಂದು ಆರಂಭದಲ್ಲಿ ಬಾಯಲ್ಲಿ ಹೇಳಿ. ಪರಿವರ್ತಿಸಿದ ಕಡತದಲ್ಲಿ ಸಂಕೇತಗಳ ಕ್ರಮವನ್ನೂ ಬರೆದಿಡಿ. ಹಳೆಯ ರೂಢಿ ಡಬ್ಲ್ಯು, ಎಕ್ಸ್, ವೈ, ಝಡ್. 2011ರಲ್ಲಿ ಸೂಚಿತವಾಗಿ ಈಗ ವ್ಯಾಪಕವಾಗಿರುವ 'ಆಂಬಿಎಕ್ಸ್' ಕ್ರಮ ಡಬ್ಲ್ಯು, ವೈ, ಝಡ್, ಎಕ್ಸ್. ಹೊಸದನ್ನು ಹಳೆಯದೆಂದು ಓದಿದರೆ ಎಕ್ಸ್ ಹೋಗಿ ಝಡ್‌ನ ಜಾಗದಲ್ಲಿ ಕೂರುತ್ತದೆ. ಎದುರಿಗಿದ್ದ ಜೋಗ ನೇರವಾಗಿ ನಿಮ್ಮ ನೆತ್ತಿಯ ಮೇಲೆ ಸುರಿಯುತ್ತದೆ.